ಆಫ್ ಆದ ಹೊತ್ತನ್ನು ಬರೆದಿಡಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ತಕರಾರಿನವು. ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ. ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೂ ವಾರಕ್ಕೆ ಎರಡು ಮೂರು ಮಷಿನ್ ಇದೇ ಕಾರಣಕ್ಕೆ ಬರುತ್ತವೆ. ತಂದವರು ಟೇಬಲ್ ಮೇಲೆ ಇಡುತ್ತಲೇ ಹೇಳುತ್ತಾರೆ: "ಅಕ್ಕಾರ, ಸುಮ್ನ ಬಂದ್ ಆಗಿಬಿಡ್ತೈತ್ರಿ." ನಾನು ಕೇಳುತ್ತೇನೆ: "ಯಾವಾಗ ಬಂದ್ ಆಗ್ತೈತಿ?" "ಯಾವಾಗ ಬೇಕಾದಾಗ್ರಿ" ಅನ್ನುತ್ತಾರೆ.

ಯಾವಾಗ ಬೇಕಾದಾಗ ಆಫ್ ಆಗುವ ಮಷಿನ್ ನಾನು ಕಂಡದ್ದು ಬಹಳ ಕಡಿಮೆ. ಒಂದು ಹೊತ್ತು, ಒಂದು ಕೆಲಸ ಇದ್ದೇ ಇರುತ್ತದೆ. ಮನೆಯವರು ಗಮನಿಸಿರುವುದಿಲ್ಲ, ಅಷ್ಟೇ. ಅದಕ್ಕೇ ತೀರಾ ಅವಸರ ಇಲ್ಲದಿದ್ದರೆ ಮಷಿನ್ ವಾಪಸ್ ಕಳಿಸಿ, ಕೈಗೆ ಒಂದು ಹಾಳೆ ಕೊಡುತ್ತೇನೆ. ಎಷ್ಟು ಗಂಟೆಗೆ ಹಚ್ಚಿದಿರಿ, ಎಷ್ಟಕ್ಕೆ ಆಫ್ ಆಯಿತು, ಆಗ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಮಿಕ್ಸರ್, ಇಸ್ತ್ರಿ, ನೀರಿನ ಮೋಟರ್ ಏನಾದರೂ ನಡೆದಿತ್ತಾ. ನಾಲ್ಕು ದಿನ ಬರೆದು ತನ್ನಿ ಅನ್ನುತ್ತೇನೆ. ಬ್ಯಾಡಗಿಯ ತಂಗಿಯೊಬ್ಬರು ಯಾರೂ ಹೇಳದೆಯೇ ಇದನ್ನು ಮಾಡಿದ್ದಾರೆ. ಅವರ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇದೆ. 2014ರಲ್ಲಿ ತಂದ ಐ3 ಮಷಿನ್. ಮಾವನವರ ಲೆಕ್ಕವನ್ನೆಲ್ಲ ನಾನೇ ಟ್ಯಾಲಿಯಲ್ಲಿ ಬರೆಯುತ್ತೇನೆ. ಒಂದು ತಿಂಗಳಿಂದ ಫಕ್ಕನೆ ಆಫ್ ಆಗುತ್ತಿದೆ. ಬೆಳಿಗ್ಗೆ 7ಕ್ಕೆ ಹಚ್ಚಿದರೆ ಮುಕ್ಕಾಲು ಗಂಟೆ ನಡೆಯುತ್ತದೆ. ಮಧ್ಯಾಹ್ನ 2ಕ್ಕೆ ಹಚ್ಚಿದರೆ ಹತ್ತು ನಿಮಿಷ. ಆಫ್ ಆದ ಕೂಡಲೇ ಮತ್ತೆ ಹಚ್ಚಿದರೆ ಎರಡೇ ನಿಮಿಷ. ರಾತ್ರಿ ಪರವಾಗಿಲ್ಲ. ಒಬ್ಬರು ವೈರಸ್ ಅಂದು ವಿಂಡೋಸ್ ಹೊಸದಾಗಿ ಹಾಕಿದರು, 500 ರೂಪಾಯಿ ಕೊಟ್ಟೆ. ಮತ್ತೆ ಹಾಗೇ ಆಯಿತು. ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ, ಹೊಸ ಮಷಿನ್ ತಗೊಳ್ಳಿ ಅನ್ನುತ್ತಾರೆ. ಮಾರ್ಚ್ ಹತ್ತಿರ ಬಂತು, ವರ್ಷದ ಲೆಕ್ಕ ಇದರಲ್ಲೇ ಇದೆ. ಏನು ಮಾಡಲಿ?
ಹೆಸರು ಬೇಡ ಎಂದಿರುವ ಓದುಗರು, ಬ್ಯಾಡಗಿ

ಉತ್ತರ: ತಂಗಿ, ಮೊದಲು ಒಂದು ಕೆಲಸ. ನಾಳೆ ಬೆಳಿಗ್ಗೆ ಮಷಿನ್ ತಣ್ಣಗಿರುವಾಗ ಹಚ್ಚಿ, ಬೇರೆ ಏನನ್ನೂ ತೆರೆಯಬೇಡಿ. ಟ್ಯಾಲಿಯ ಬ್ಯಾಕಪ್ ಒಂದು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಅದೇ ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಫೈಲ್ ತೆರೆಯುತ್ತದಾ ನೋಡಿ. ಲೆಕ್ಕ ಬರೆಯುವ ಹೊತ್ತಿಗೇ ಕರೆಂಟ್ ಕಡಿದಂತೆ ಮಷಿನ್ ಆಫ್ ಆಗುತ್ತಾ ಇದ್ದರೆ ಒಂದಲ್ಲ ಒಂದು ದಿನ ಫೈಲ್ ಕೆಡುತ್ತದೆ. ಮಷಿನ್ ಇನ್ನೊಂದು ತರಬಹುದು. ಹತ್ತು ತಿಂಗಳ ಚೀಟಿಗಳನ್ನು ಮತ್ತೆ ಕೂತು ಬರೆಯುವ ಕಷ್ಟ ನಿಮಗೇ ಗೊತ್ತು.

ಇನ್ನು ಕಾಯಿಲೆ. ನೀವು ಬರೆದ ಮೂರು ಹೊತ್ತುಗಳಲ್ಲೇ ಅದು ಕಾಣುತ್ತದೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಬಿಸಿಲು ಏರಿದಾಗ ಹತ್ತು ನಿಮಿಷ, ಆಗಲೇ ಕಾದ ಮಷಿನ್ ಎರಡು ನಿಮಿಷ. ಇದು ಬಿಸಿ. ಕೆಟ್ಟ ಮದರ್‌ಬೋರ್ಡ್ ಹೀಗೆ ಬಿಸಿಲು ನೆರಳು ನೋಡಿ ನಡೆಯುವುದು ಅಪರೂಪ. ವೈರಸ್ಸಿಗಂತೂ ಮಧ್ಯಾಹ್ನ ಆಗಿದ್ದು ತಿಳಿಯುವುದಿಲ್ಲ.

ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್. ಅದರ ಒಳಗೇ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಬಿಸಿ ಏರುತ್ತಾ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಫ್ ಆಗುವ ಸ್ವಲ್ಪ ಮುಂಚೆ ಟ್ಯಾಲಿ ನಿಧಾನ ಆಗುತ್ತಿತ್ತಾ? ನೆನಪು ಮಾಡಿಕೊಳ್ಳಿ. ವೇಗ ಇಳಿಸಿದರೂ ಬಿಸಿ ನಿಲ್ಲದಿದ್ದರೆ ಮಷಿನ್ ತನ್ನ ಕರೆಂಟನ್ನು ತಾನೇ ಕಡಿದುಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಪ್ರೊಸೆಸರ್ ಸುಟ್ಟೇ ಹೋಗುತ್ತಿತ್ತು. ಅಂದರೆ ನಿಮ್ಮ ಮಷಿನ್ ಒಂದು ತಿಂಗಳಿಂದ ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ.

ನನ್ನ ಮಾತು ನಂಬಿ ಸುಮ್ನೆ ಬಿಚ್ಚಬೇಡಿ, ಖಾತ್ರಿ ಮಾಡಿಕೊಳ್ಳಿ. ಮಷಿನ್ ಹಚ್ಚಿದ ಕೂಡಲೇ ಡಿಲೀಟ್ ಕೀಲಿ ಒತ್ತುತ್ತಾ ಇರಿ. ಕೆಲವು ಮಷಿನ್‌ಗಳಲ್ಲಿ ಎಫ್2 ಇರುತ್ತದೆ. ವಿಂಡೋಸ್ ಬರುವ ಮುಂಚೆಯೇ ಬಯಾಸ್ ಪರದೆ, ಅಂದರೆ ಮಷಿನ್‌ನ ಮೂಲ ಸೆಟ್ಟಿಂಗ್‌ಗಳ ಪರದೆ, ತೆರೆಯುತ್ತದೆ. ಅದರಲ್ಲಿ ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಎಂಬ ಜಾಗ ಹುಡುಕಿ. ಸಿಪಿಯು ಟೆಂಪರೇಚರ್, ಅಂದರೆ ಪ್ರೊಸೆಸರ್ ಬಿಸಿ, ಅಂತ ಒಂದು ಅಂಕಿ ಕಾಣುತ್ತದೆ. ಏನನ್ನೂ ಮುಟ್ಟದೆ ಚಹಾ ಕುಡಿಯುತ್ತಾ ಕಾಲು ಗಂಟೆ ಅದನ್ನೇ ನೋಡುತ್ತಾ ಕೂರಿ. 40, 50ರ ಆಸುಪಾಸಿನಲ್ಲಿ ನಿಂತರೆ ಬಿಸಿಯ ತೊಂದರೆ ಇಲ್ಲ. ನಿಮ್ಮ ಕಣ್ಣೆದುರೇ 70, 80, 90 ಅಂತ ಏರುತ್ತಾ ಹೋದರೆ ಕಾರಣ ಸಿಕ್ಕಂತೆ. ಇನ್ನೊಂದು ಮಾತು. ಈ ಪರದೆಯಲ್ಲಿ ಕೂತಾಗಲೇ ಮಷಿನ್ ಆಫ್ ಆದರೆ, ಆಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಂಥ ಮಷಿನ್‌ಗೆ ವಿಂಡೋಸ್ ಹೊಸದಾಗಿ ಹಾಕಿ ಹಣ ತೆಗೆದುಕೊಳ್ಳುವುದು ನ್ಯಾಯ ಅಲ್ಲ. ನಿಮ್ಮ 500 ರೂಪಾಯಿ ಹೋದದ್ದಕ್ಕೆ ನನಗೆ ನಿಜವಾಗಿ ಬೇಸರ ಆಯಿತು.

ಬಯಾಸ್ ಪರದೆ ಹೆದರಿಕೆ ಎನಿಸಿದರೆ ಮತ್ತೊಂದು ದಾರಿ ಇದೆ. ಮಷಿನ್ ಆಫ್ ಮಾಡಿ, ಕ್ಯಾಬಿನೆಟ್‌ನ ಎಡಗಡೆಯ ತಗಡು ಬಿಚ್ಚಿ, ಟೇಬಲ್ ಫ್ಯಾನ್ ಗಾಳಿ ನೇರ ಒಳಗೆ ಹೋಗುವಂತೆ ಇಟ್ಟು ಆಮೇಲೆ ಹಚ್ಚಿ. ಹತ್ತು ನಿಮಿಷದ ಮಷಿನ್ ಒಂದು ಗಂಟೆ ನಡೆದರೆ ಬಿಸಿಯೇ ಕಾರಣ. ಆದರೆ ಇದು ಪರೀಕ್ಷೆಗೆ ಮಾತ್ರ. ಎಷ್ಟೋ ಮನೆಗಳಲ್ಲಿ ಇದನ್ನೇ ರಿಪೇರಿ ಅಂದುಕೊಂಡು ವರ್ಷಗಟ್ಟಲೆ ತಗಡು ಬಿಚ್ಚೇ ಇಡುತ್ತಾರೆ. ಫ್ಯಾನ್ ಗಾಳಿಯ ಜೊತೆ ಧೂಳೂ ಒಳಗೆ ಹೋಗುತ್ತದೆ.

ಧೂಳು ಅಂದೆ. ನಿಮ್ಮೂರಿನ ಧೂಳು ಬೇರೆ ಊರಿನದ್ದರಂತೆ ಅಲ್ಲ. ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಒಂದು ಮಷಿನ್ ನನ್ನ ಟೇಬಲ್ಲಿಗೆ ಬಂದಿತ್ತು. ತಗಡು ಸರಿಸಿದ್ದೇ ತಡ, ನಾನೂ ನನ್ನ ಸಹಾಯಕ ಹುಡುಗನೂ ಸೀನುತ್ತಾ ಹೊರಗೆ ಓಡಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದೆ. ಅದರ ಕೆಳಗೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುತ್ತದೆ. ತೆಳು ತೆಳು ಪಟ್ಟಿಗಳ ನಡುವೆ ಗಾಳಿ ಹರಿಯಲು ಸಂದು ಇರಬೇಕು. ಒಂದು ಸಂದೂ ಕಾಣಲಿಲ್ಲ. ಮೇಲೆಲ್ಲ ಕೆಂಪು ಕಂದು ಬಣ್ಣದ ಒಂದು ಪದರ ಕೂತಿತ್ತು. ಉಗುರಿನಿಂದ ಎತ್ತಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಅಲ್ವಾ? ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಚೀಲ ಸುರಿದಾಗ ಏಳುವ ಪುಡಿಯಲ್ಲಿ ಎಣ್ಣೆಯ ಅಂಶ ಇರುತ್ತದೆ. ಮನೆಯ ಧೂಳು, ಹತ್ತಿಯ ನೂಲು, ತಲೆಗೂದಲು ಎಲ್ಲ ಅದಕ್ಕೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ನೋಡಿದವರು "ಫ್ಯಾನ್ ಚಲೋ ಐತಿ" ಅಂದಿದ್ದರಂತೆ. ಗಾಳಿ ಆ ಪದರಕ್ಕೆ ಬಡಿದು ವಾಪಸ್ ಬರುತ್ತಿತ್ತು.

ನಿಮ್ಮ ಮಷಿನ್ ಒಳಗೂ ಇದೇ ಇರಬೇಕು. ಸ್ವಚ್ಛ ಮಾಡುವುದು ನಿಮ್ಮಿಂದ ಆಗುವ ಕೆಲಸ. ಎಲ್ಲ ವೈರ್ ಬಿಚ್ಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಮಷಿನ್ ಅಂಗಳಕ್ಕೆ ಒಯ್ಯಿರಿ. ಮೂಗಿಗೆ, ಕಣ್ಣಿಗೆ ರಕ್ಷಣೆ ಇರಲಿ, ಮಕ್ಕಳು ಹತ್ತಿರ ಬೇಡ. ಬಣ್ಣ ಹಚ್ಚುವ ಒಂದು ಇಂಚಿನ ಹೊಸ ಬ್ರಷ್ ತನ್ನಿ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆ ಹಿಡಿದು ಮೆಲ್ಲಗೆ ಒರೆಸಿ. ಬ್ಲೋವರ್ ಇದ್ದರೂ ಅಷ್ಟೇ, ರೆಕ್ಕೆ ತಡೆದೇ ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ಕರೆಂಟ್ ವೈರ್ ಸಿಗಿಸುವ ಚೌಕದ ಡಬ್ಬಿ ಇದೆಯಲ್ಲ, ಎಸ್‌ಎಂಪಿಎಸ್, ಅದನ್ನು ಮಾತ್ರ ಬಿಚ್ಚಬೇಡಿ. ನಮ್ಮ ಮನೆಯ 230 ವೋಲ್ಟ್ ಅದರೊಳಗೆ 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ನಿಂತಿರುತ್ತದೆ. ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಹೊರಗಿನ ಜಾಲರಿಯನ್ನು ಬ್ರಷ್‌ನಿಂದ ಒರೆಸಿದರೆ ಸಾಕು.

ಒಂದು ಕೆಲಸವನ್ನು ರಿಪೇರಿಯವರ ಕೈಯಲ್ಲೇ ಮಾಡಿಸಿ. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವೆ ಥರ್ಮಲ್ ಪೇಸ್ಟ್ ಇರುತ್ತದೆ. ಬಿಸಿಯನ್ನು ಕೆಳಗಿನಿಂದ ಮೇಲಕ್ಕೆ ದಾಟಿಸುವುದು ಅದೇ. ಹತ್ತು ವರ್ಷದ ಮಷಿನ್‌ನಲ್ಲಿ ಅದು ಒಣಗಿದ ಸುಣ್ಣದಂತೆ ಆಗಿರುತ್ತದೆ, ಕೆರೆದರೆ ಪುಡಿ ಉದುರುತ್ತದೆ. ಹಳೆಯದನ್ನು ಪೂರ್ತಿ ಒರೆಸಿ, ಹೊಸ ಪೇಸ್ಟ್ ನಡುವೆ ಒಂದು ಬಟಾಣಿ ಕಾಳಿನಷ್ಟು ಇಟ್ಟರೆ ಸಾಕು. ಜಾಸ್ತಿ ಮೆತ್ತಿದರೆ ಲಾಭ ಇಲ್ಲ. ಆಮೇಲೆ ಫ್ಯಾನಿನ ನಾಲ್ಕು ಪಿನ್ ಒತ್ತುವಾಗ ನೀವು ಪಕ್ಕದಲ್ಲೇ ನಿಂತು ಕೇಳಿ. ನಾಲ್ಕು ಸಲ ಟಕ್ ಅನ್ನಬೇಕು. ಮೂರೇ ಕೂತು ಒಂದು ಮೂಲೆ ಎದ್ದಿದ್ದರೆ ಹೊಸ ಪೇಸ್ಟ್ ಹಾಕಿಯೂ ಮಷಿನ್ ಆಫ್ ಆಗುತ್ತದೆ. ಅಂಥ ಮಷಿನ್ ನನ್ನ ಹತ್ತಿರ ತುಂಬಾ ಬಂದಿವೆ. ಪೇಸ್ಟಿನ ಸಣ್ಣ ಟ್ಯೂಬು ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಫ್ಯಾನ್ ಬೆರಳಿನಿಂದ ತಿರುಗಿಸಿದಾಗ ಗರಗರ ಅಂದರೆ, ಇಲ್ಲಾ ಕೂಡಲೇ ನಿಂತರೆ, ಅದನ್ನೂ ಬದಲಿಸಿ.

ಅಂದ ಹಾಗೆ, ಬ್ಯಾಡಗಿಯ ಆ ಮಷಿನ್ ಸ್ವಚ್ಛವಾದ ಮೇಲೆ ಬಯಾಸ್‌ನಲ್ಲಿ 48 ಡಿಗ್ರಿ ತೋರಿಸಿತು. ಬಂದಾಗ 90 ದಾಟಿತ್ತು. ಒಂದು ಪಾರ್ಟೂ ಹೊಸದು ಹಾಕಲಿಲ್ಲ.

ಮರಳಿ ಇಡುವಾಗ ಜಾಗ ಬದಲಿಸಿ. ಚೀಲಗಳ ಪಕ್ಕ, ನೆಲದ ಮೇಲೆ ಬೇಡ. ಒಂದು ಸ್ಟೂಲ್ ಮೇಲೆ ಇಡಿ, ಹಿಂದಿನ ಗೋಡೆಗೂ ಮಷಿನ್‌ಗೂ ಒಂದು ಗೇಣು ಸಂದು ಬಿಡಿ. ಕಸೂತಿ ಹಾಕಿದ ಬಟ್ಟೆ ಹೊದಿಸುವ ರೂಢಿ ಇದ್ದರೆ ಆಫ್ ಮಾಡಿ ತಣ್ಣಗಾದ ಮೇಲೆ ಹೊದಿಸಿ. ಬೇರೆಯವರಿಗೆ ವರ್ಷಕ್ಕೊಮ್ಮೆ ಧೂಳು ತೆಗೆದರೆ ಸಾಕು ಅನ್ನುತ್ತೇನೆ. ನೀವು ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಒಮ್ಮೆ, ದೀಪಾವಳಿಗೆ ಒಮ್ಮೆ ತೆಗೆಯಿರಿ.

ಪ್ರಶ್ನೆ: ಮನೆಯಲ್ಲೇ ಲಗ್ನಪತ್ರಿಕೆ ಡಿಟಿಪಿ ಮಾಡುತ್ತೇನೆ. 600 ವಿಎ ಯುಪಿಎಸ್ ಇದೆ. ಆದರೂ ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆಫ್. ಕೆಲವು ಸಲ ಕರೆಂಟ್ ಇದ್ದಾಗಲೂ ಪ್ರಿಂಟ್ ಕೊಟ್ಟ ಕೂಡಲೇ ಆಫ್ ಆಗುತ್ತದೆ. ಯುಪಿಎಸ್ ತಂದು ನಾಲ್ಕು ವರ್ಷ.
ಓದುಗರು, ಗದಗ

ಉತ್ತರ: ಸರ್, ನಿಮ್ಮದು ಎರಡು ತೊಂದರೆ. ಮೊದಲನೆಯದು ಬ್ಯಾಟರಿ. ಸಣ್ಣ ಯುಪಿಎಸ್ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಇರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಎರಡು, ಮೂರು ವರ್ಷ ಬಂದರೆ ಚಲೋ ಬಂತು ಅನ್ನಬೇಕು. ಹೀಗೆ ಪರೀಕ್ಷಿಸಿ. ಯುಪಿಎಸ್‌ನಿಂದ ಕಂಪ್ಯೂಟರಿನ ವೈರ್ ಕಿತ್ತು, ಅದರ ಜಾಗದಲ್ಲಿ 60 ವ್ಯಾಟ್‌ನ ಹಳೇ ಗಾಜಿನ ಬಲ್ಬ್ ಹಾಕಿ. ಐದಾರು ಗಂಟೆ ಚಾರ್ಜ್ ಆಗಲಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿ. ಬಲ್ಬ್ ಒಂದೆರಡು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಬದಲಿಸಿ, ಇಡೀ ಯುಪಿಎಸ್ ಬೇಡ. ಹಳೇ ಬ್ಯಾಟರಿ ಕಸದ ಗಾಡಿಗೆ ಹಾಕಬೇಡಿ, ಅದರಲ್ಲಿ ಸೀಸ ಇದೆ, ಆಸಿಡ್ ಇದೆ. ಹೊಸದು ಕೊಡುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ.

ಬಲ್ಬ್ ಚೆನ್ನಾಗಿ ಉರಿದು ಕಂಪ್ಯೂಟರ್ ಮಾತ್ರ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಆಕ್ಟಿವ್ ಪಿಎಫ್‌ಸಿ ಅಂತ ಬರೆದಿದೆಯಾ ನೋಡಿ. ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವ ಕರೆಂಟು ಮನೆಯ ಕರೆಂಟಿನಷ್ಟು ನಯವಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಆ ಬಗೆಯ ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ.

ಎರಡನೆಯದು ಪ್ರಿಂಟರ್. ಲೇಸರ್ ಪ್ರಿಂಟರ್ ಅಲ್ವಾ? ಅದನ್ನು ಯುಪಿಎಸ್‌ನಿಂದ ಈಗಲೇ ತೆಗೆಯಿರಿ. ಪುಡಿಯನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುವ ರೋಲರ್ ಕಾಯುವಾಗ ಅದು ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಅಂದರೆ 600 ವ್ಯಾಟ್ ಅಲ್ಲ. ಇಂಥ ಹೆಚ್ಚಿನ ಯುಪಿಎಸ್‌ಗಳು 360 ವ್ಯಾಟ್‌ನವು. ಪ್ರಿಂಟರ್ ನೇರ ಗೋಡೆಯ ಪ್ಲಗ್ಗಿಗೆ ಹೋಗಲಿ.

ಪ್ರಶ್ನೆ: ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಆನ್‌ಲೈನ್ ಟೆಸ್ಟ್ ನಡುವೆ ಕಂಪ್ಯೂಟರ್ ಆಫ್ ಆಗುತ್ತದೆ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಕರ್ನಲ್ ಪವರ್ 41 ಅಂತ ಕೆಂಪು ಗುರುತು. ಎಸ್‌ಎಂಪಿಎಸ್ ಬದಲಿಸಬೇಕಾ?
ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ಇನ್ನೂ ಬೇಡ. 41 ಅನ್ನುವುದು ಕಾರಣ ಹೇಳುವುದಿಲ್ಲ. "ಹಿಂದಿನ ಸಲ ಸರಿಯಾಗಿ ಮುಚ್ಚದೆ ಆಫ್ ಆಗಿದ್ದೆ" ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದುಕೊಂಡ ಟಿಪ್ಪಣಿ ಅಷ್ಟೇ. ಅಲ್ಲಿ 6008 ಅನ್ನುವ ಅಂಕಿ ಕಂಡರೆ ಅದೂ ಅದೇ ಮಾತು. ಅದೇ ಪಟ್ಟಿಯಲ್ಲಿ ಆಫ್ ಆದ ಹೊತ್ತಿಗೆ 1074 ಇದೆಯಾ ಹುಡುಕು. ಇದ್ದರೆ ಯಾವುದೋ ಪ್ರೋಗ್ರಾಮೋ ಅಪ್‌ಡೇಟೋ ಕೇಳಿಕೊಂಡು ಆಫ್ ಮಾಡಿಸಿದೆ ಅಂತ ಅರ್ಥ. ಯಾವುದು ಅಂತಲೂ ಅಲ್ಲೇ ಬರೆದಿರುತ್ತದೆ. ಬರೀ 41 ಇದ್ದರೆ ಕರೆಂಟೇ ಕಡಿದಿದೆ, ಇಲ್ಲಾ ಮಷಿನ್ ಜಾಮ್ ಆಗಿದೆ. ಆಗ ಮೊದಲು ಟೇಬಲ್ ಕೆಳಗೆ ಬಗ್ಗಿ ನೋಡು.

2006ರಲ್ಲಿ ಹಳೇ ಹುಬ್ಬಳ್ಳಿಯ ಒಬ್ಬ ಮಾಸ್ತರರ ಮನೆಗೆ ಮೂರು ಸಲ ಹೋಗಿದ್ದೆ. ಒಮ್ಮೆ ರ‍್ಯಾಮ್, ಅಂದರೆ ಮೆಮೊರಿ ಪಟ್ಟಿ, ಬದಲಿಸಿದೆ, ಒಮ್ಮೆ ಎಸ್‌ಎಂಪಿಎಸ್. ನನ್ನ ಅಂಗಡಿಯಲ್ಲಿ ದಿನವಿಡೀ ನಡೆಯುವ ಮಷಿನ್ ಅವರ ಮನೆಯಲ್ಲಿ ಆಫ್ ಆಗುತ್ತಿತ್ತು. ನಾಲ್ಕನೇ ಸಲ ಏನನ್ನೂ ಬಿಚ್ಚದೆ ಒಂದು ತಾಸು ಸುಮ್ನೆ ಕೂತೆ. ಮಾಸ್ತರರ ಹೆಂಡತಿ ಸೀರೆ ತೆಗೆಯಲು ಕಪಾಟಿನ ಬಾಗಿಲು ತೆರೆದರು. ಮಷಿನ್ ಆಫ್. ಬಾಗಿಲ ಅಂಚು ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ತಾಗುತ್ತಿತ್ತು. ಅದರ ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಪ್ಲಗ್ಗು ತೂಗುತ್ತಿತ್ತು. ಅವರಿಂದ ತೆಗೆದುಕೊಂಡ ಹಣ ಮರಳಿ ಕೊಟ್ಟು ಬಂದೆ. ಹೊತ್ತು ಬರೆಯಲು ಹಾಳೆ ಕೊಡುವ ರೂಢಿ ಶುರುವಾದದ್ದು ಆ ಮನೆಯಿಂದ.

ನಿನ್ನ ರೂಮಿನಲ್ಲಿ ಒಂದೇ ಬೋರ್ಡಿಗೆ ಕಂಪ್ಯೂಟರ್, ಇಸ್ತ್ರಿ, ನೀರು ಕಾಯಿಸುವ ಕೆಟಲ್ ಇದೆಯಾ? ಇದ್ದರೆ ಇಸ್ತ್ರಿ, ಕೆಟಲ್ ಬೇರೆ ಕಡೆ ಹಚ್ಚಿ. ಬೋರ್ಡಿನ ತೂತುಗಳ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಕರಗಿದ್ದರೆ, ಅದನ್ನು ಮುಟ್ಟುವ ಮೊದಲು ಗೋಡೆಯ ಸ್ವಿಚ್ ಆರಿಸು. ಆ ಬೋರ್ಡ್ ಮತ್ತೆ ಬಳಸಬೇಡ, ಬೆಂಕಿಯ ಭಯ. ಎಸ್‌ಎಂಪಿಎಸ್‌ಗೆ ಸಿಗಿಸುವ ಕೇಬಲ್ ಕೂಡ ಬದಲಿಸಿ ನೋಡು, ಗೆಳೆಯರ ಮಾನಿಟರ್‌ನ ಪವರ್ ಕೇಬಲ್ಲೇ ಆಗುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಬಯಾಸ್‌ನಲ್ಲಿ 12 ವೋಲ್ಟ್ ಅಂಕಿ ನೋಡು. 11.4ರಿಂದ 12.6ರ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಜಾರುತ್ತಿದ್ದರೆ ಎಸ್‌ಎಂಪಿಎಸ್ ಮಾತು ಆಡೋಣ. ಹೊಸದನ್ನು ಕೊಳ್ಳುವ ಮೊದಲು ಪರಿಚಯದ ಅಂಗಡಿಯಿಂದ ಒಂದು ದಿನಕ್ಕೆ ಬದಲಿ ಎಸ್‌ಎಂಪಿಎಸ್ ಕೇಳು. ಕೊಡುವವರು ಕೊಡುತ್ತಾರೆ, ನಾನೂ ಕೊಡುತ್ತೇನೆ.

ಪ್ರಶ್ನೆ: ನಮ್ಮ ಕಂಪ್ಯೂಟರ್ ಆಫ್ ಆಗಿ ತಾನೇ ಮತ್ತೆ ಶುರುವಾಗುತ್ತದೆ. ನಡುವೆ ಒಂದು ಕ್ಷಣ ನೀಲಿ ಪರದೆ ಕಾಣುತ್ತದೆ. ಓದುವಷ್ಟರಲ್ಲಿ ಮಾಯ.
ಓದುಗರು, ಹಾವೇರಿ

ಉತ್ತರ: ನೀಲಿ ಪರದೆ ಬಂದರೆ ವಿಂಡೋಸ್ ತಾನೇ ನಿಂತಿದೆ, ಕರೆಂಟ್ ಕಡಿದಿಲ್ಲ. ಅದನ್ನು ಓದಲು ಸಿಗುವಂತೆ ಮಾಡಿಕೊಳ್ಳಿ. ವಿಂಡೋಸ್ ಕೀಲಿ ಮತ್ತು ಆರ್ ಕೀಲಿ ಒಟ್ಟಿಗೆ ಒತ್ತಿ, ತೆರೆದ ಜಾಗದಲ್ಲಿ ಎಸ್‌ವೈಎಸ್‌ಡಿಎಂ, ಚುಕ್ಕೆ, ಸಿಪಿಎಲ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅಡ್ವಾನ್ಸ್ಡ್ ಹಾಳೆಯಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ತೆರೆದು, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಮುಂದಿನ ಟಿಕ್ ತೆಗೆಯಿರಿ. ಇನ್ನು ಪರದೆ ಹಾಗೇ ನಿಲ್ಲುತ್ತದೆ.

ಹಳೇ ಮಷಿನ್‌ಗಳಲ್ಲಿ ಮೊದಲ ಅನುಮಾನ ರ‍್ಯಾಮ್ ಮೇಲೆ. ವೈರ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಅನ್ನುವ ಹಾಗೆ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಎರಡೆರಡು ದಿನ ನಡೆಸಿ. ಯಾವುದು ಇದ್ದಾಗ ನೀಲಿ ಪರದೆ ಬರುತ್ತದೋ ಅದನ್ನು ಗುರುತು ಮಾಡಿ ಇಡಿ. ಅದಕ್ಕೂ ನಿಲ್ಲದಿದ್ದರೆ ಪರದೆಯ ಕೆಳಗೆ ಸ್ಟಾಪ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಅದರ ಫೋಟೊ ತೆಗೆದು, ಆಫ್ ಆದ ಹೊತ್ತುಗಳ ಜೊತೆ ಕಳಿಸಿ. ಮುಂದಿನ ಸಂಚಿಕೆಗೆ ಅದನ್ನೇ ಮೊದಲು ನೋಡುತ್ತೇನೆ.